ಮಗಳು ಅಪ್ಪನ ಹತ್ತಿರ ಹೋಗಲ್ಲ ಅಂತಾಳೆ, ದಾಟಿದವರು ಹೇಳಿ

ಕೊಪ್ಪಳದ ತಾಯಿ: ಮಗಳಿಗೆ 14 ವರ್ಷ. ತಿಂಗಳಿಗೆ ಎರಡು ಶನಿವಾರ ಬಳ್ಳಾರಿಗೆ, ಅವರಪ್ಪನ ಮನೆಗೆ ಕಳಿಸಬೇಕು ಅಂತ ಕೋರ್ಟ್ ಆದೇಶ ಇದೆ. ದೀಪಾವಳಿಯಿಂದ ಹೋಗೋದೇ ಬಿಟ್ಟಿದ್ದಾಳೆ. ಫೋನೂ ಎತ್ತಲ್ಲ. ನಾನೇ ತಲೆ ಕೆಡಿಸಿದ್ದೀನಿ ಅಂತ ಅವರ ವಕೀಲರ ನೋಟಿಸ್ ಬಂದಿದೆ. ಏನು ಮಾಡಲಿ?

ಸಿಂಧನೂರಿನ ತಾಯಿ: ಅಕ್ಕಾ, ನಾನು ಮಗನನ್ನು ಹನ್ನೊಂದು ತಿಂಗಳು ಬಲವಂತವಾಗಿ ಕಳಿಸಿದೆ. ಶುಕ್ರವಾರ ರಾತ್ರಿಯೇ ಊಟ ಬಿಡುತ್ತಿದ್ದ. ಬೆಳಿಗ್ಗೆ ಗಂಗಾವತಿ ಬಸ್ ಹತ್ತುವ ಮೊದಲು ಸ್ಟ್ಯಾಂಡಿನ ನೀರಿನ ಟ್ಯಾಂಕ್ ಹಿಂದೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಬಾಯಿ ತೊಳೆದು, ಬ್ಯಾಗಿನ ಪಟ್ಟಿ ಎರಡೂ ಕೈಯಲ್ಲಿ ಹಿಡಿದು ಬಂದು ನಿಲ್ಲುತ್ತಿದ್ದ. ಒಂದು ಮಾತಿಲ್ಲ. ಹೊಟ್ಟೆ ಕಾಯಿಲೆ ಅಂದುಕೊಂಡೆ. ಸ್ಕ್ಯಾನಿಂಗ್ 1,200, ರಕ್ತ ಪರೀಕ್ಷೆ 850, ರಾಯಚೂರಲ್ಲಿ ಎಂಡೋಸ್ಕೋಪಿ 3,500. ಎಲ್ಲ ನಾರ್ಮಲ್. ಕೊನೆಗೆ ಡಾಕ್ಟರೇ ಕೇಳಿದರು, "ಶನಿವಾರ ಏನಿರುತ್ತಮ್ಮಾ?" ಅಂತ. ಈಗ ಮಗ ನನ್ನ ಹತ್ತಿರವೂ ಮಾತು ಕಡಿಮೆ. ಕಳಿಸಿದವಳು ನೀನೇ ಅಂತಾನೆ.

ಬಳ್ಳಾರಿಯ ತಂದೆ: ಮೇಡಂ, ನನ್ನ ಮಗಳೂ ನನ್ನನ್ನು ಬೇಡ ಅಂದಿದ್ದಳು. ಜೀನ್ಸ್ ಹೊಲಿಯುವ ಘಟಕದಲ್ಲಿ ಕಟಿಂಗ್ ಮಾಸ್ಟರ್. ವಾರಕ್ಕೆ ಒಂದೇ ರಜೆ. ಆ ದಿನ ಹೊಸಪೇಟೆಗೆ ಹೋಗಿ ಅವಳ ಅಜ್ಜಿ ಮನೆ ಎದುರು ನಿಲ್ಲುತ್ತಿದ್ದೆ. ಬಾಗಿಲು ತೆಗೆಯುತ್ತಿರಲಿಲ್ಲ. ಒಮ್ಮೆ ಪ್ಯಾಂಟ್ ಹೊಲಿದು ಗೇಟಿಗೆ ಸಿಕ್ಕಿಸಿ ಬಂದೆ. ಸೊಂಟ 26 ಅಂತ ಅಂದಾಜು ಮಾಡಿದ್ದೆ, ಅಷ್ಟರಲ್ಲಿ 28 ಆಗಿತ್ತಂತೆ. ಅವತ್ತು ಬಸ್ಸಿನಲ್ಲಿ ಅತ್ತುಬಿಟ್ಟೆ. ಆಮೇಲೆ ನಿಲ್ಲೋದು ಬಿಟ್ಟು ತಿಂಗಳಿಗೊಂದು ಪತ್ರ ಹಾಕಿದೆ. ಬಾ ಅಂತ ಒಂದರಲ್ಲೂ ಬರೆಯಲಿಲ್ಲ. ಜೀವನಾಂಶ 6,000 ಒಂದು ತಿಂಗಳೂ ತಪ್ಪಿಸಲಿಲ್ಲ. ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ದಿನ ಅವಳೇ ಫೋನ್ ಮಾಡಿದಳು. ಆದರೆ ಒಂದು ಮಾತು. ಮಕ್ಕಳು ತಾವಾಗೇ ಹೀಗಾಗಲ್ಲ. ಮನೆಯಲ್ಲಿ ಕೇಳಿದ್ದನ್ನೇ ಆಡ್ತಾರೆ.

ಸಿಂಧನೂರಿನ ತಾಯಿ: ಅಣ್ಣಾ, ಆ ಕೊನೆ ಮಾತು ವಾಪಸ್ ತಗೊಳ್ಳಿ. ನನ್ನ ಮಗ ಅಪ್ಪನ ಕುಡಿತ ಕಣ್ಣಾರೆ ಕಂಡವನು. ಯಾರೂ ಹೇಳಿಕೊಡಬೇಕಿರಲಿಲ್ಲ.

ಬಳ್ಳಾರಿಯ ತಂದೆ: ನಾನು ಕುಡಿಯುವವನಲ್ಲ ತಾಯಿ. ನಿಮ್ಮ ಗಂಡನ ತಪ್ಪು ನನ್ನ ತಲೆಗೆ ಯಾಕೆ ಕಟ್ಟುತ್ತೀರಿ?

ರಾಯಚೂರಿನ ತಾಯಿ: ಜಗಳ ಬಿಡಿ. ನನ್ನ ತಪ್ಪು ಕೇಳಿ. ಮಗಳು ಬೇಡ ಅಂದಳು ಅಂತ ಸುಮ್ನೆ ಕಳಿಸೋದು ನಿಲ್ಲಿಸಿದೆ. ಆದೇಶ ಬದಲಿಸಿ ಅಂತ ಅರ್ಜಿ ಹಾಕಲಿಲ್ಲ. ಅದೇ ಮುಳುವಾಯ್ತು. ಅವಳಪ್ಪ, ನಾನು ಆದೇಶ ಮೀರಿದ್ದೀನಿ ಅಂತ ಕೇಸ್ ಹಾಕಿದರು. ವಕೀಲರಿಗೆ ಮೊದಲು 25,000. ಆಮೇಲೆ ತಾರೀಖಿಗೆ 1,500ರಂತೆ ಹದಿನಾಲ್ಕು ತಾರೀಖು. ಹೈಕೋರ್ಟಿನ ಕಲಬುರಗಿ ಪೀಠದ ತನಕ ಹೋಯ್ತು, ಅಲ್ಲಿ 40,000. ಎರಡೆಳೆ ಸರ ಅಡ ಇಟ್ಟಿದ್ದು ಇನ್ನೂ ಬಿಡಿಸಿಲ್ಲ. ಕೊನೆಗೆ ದಾರಿಯಾದದ್ದು ಜಡ್ಜ್ ಮಗಳೊಬ್ಬಳನ್ನೇ ಚೇಂಬರಿಗೆ ಕರೆದು ಮಾತಾಡಿಸಿದಾಗ. ಮಕ್ಕಳ ಪೋಷಕತ್ವದ ಕಾನೂನು, 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿದೆ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟ್ ಪರಿಗಣಿಸಬಹುದು ಅಂತ. ಪರಿಗಣಿಸಬಹುದು ಅಷ್ಟೇ. ಮಗು ಹೇಳಿದ್ದೇ ಕೊನೆಯಲ್ಲ. ನಮಗೆ ತಿಂಗಳಿಗೊಮ್ಮೆ ಕೌನ್ಸೆಲರ್ ಎದುರು ಒಂದು ಗಂಟೆ ಅಂತ ಮಾಡಿದರು.

ಬಳ್ಳಾರಿಯ ತಂದೆ: ಇಷ್ಟು ದುಡ್ಡು ಯಾಕೆ ಸುರಿದಿರಿ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ. ಆದಾಯದ ಮಿತಿಯೂ ಇಲ್ಲ.

ರಾಯಚೂರಿನ ತಾಯಿ: ಗೊತ್ತಿದ್ದರೆ ಸರ ಅಡ ಇಡ್ತಿದ್ದೆನಾ? ನನ್ನ ವಕೀಲರೂ ಹೇಳಲಿಲ್ಲ.

ಸಿಂಧನೂರಿನ ತಾಯಿ: ಉಚಿತ ಅಂದ್ರೆ ಸಲೀಸಲ್ಲ. ನನಗೆ ವರ್ಷದಲ್ಲಿ ಮೂರು ಜನ ಬದಲಾದರು. ಒಬ್ಬೊಬ್ಬರಿಗೂ ಮಗನ ವಾಂತಿಯಿಂದ ಶುರು ಮಾಡಿ ಹೇಳಬೇಕಾಯ್ತು.

ಕೊಪ್ಪಳದ ತಾಯಿ: ನೋಟಿಸಿಗೆ ಉತ್ತರ ಕೊಡಲು ಆರು ದಿನ ಉಳಿದಿದೆ. ಮೊದಲು ಉತ್ತರವಾ, ಅರ್ಜಿಯಾ?

ಬಳ್ಳಾರಿಯ ತಂದೆ: ಮೂರು ಜನ ಬದಲಾದರೂ ನಿಮ್ಮ ಬಂಗಾರ ಉಳೀತಲ್ವಾ? ರಾಯಚೂರಿನ ಅಕ್ಕನ ಸರ ನೋಡಿ.

ರಾಯಚೂರಿನ ತಾಯಿ: ಸರದ ಮಾತು ಎತ್ತಬೇಡಿ ಸರ್. ಅದು ನಮ್ಮವ್ವಂದು.