ಲೆಕ್ಕ ಹಾಕುವವರ ಕೈಯಲ್ಲಿ ಸೂಜಿ: ಓದುಗರ ಸ್ಪಂದನ

ತಂತ್ರಾಂಶ ಬರೆಯುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಇಕ್ಕಟ್ಟನ್ನು ತೋಡಿಕೊಂಡಿದ್ದರು. ಎಂಟು ತಿಂಗಳಿಂದ ಕಸೂತಿಯೂ ಹೊಲಿಗೆಯೂ ಅವರನ್ನು ಹಿಡಿದಿವೆ. ಅಂಗುಲಕ್ಕೆ 14 ಮನೆಗಳಿರುವ ಐಡಾ ಬಟ್ಟೆಯ ಮೇಲೆ ಉದ್ದಗಲ 140 ಮನೆಗಳ ಕ್ರಾಸ್ ಸ್ಟಿಚ್ (ಮನೆಗೊಂದು ಗುಣಾಕಾರದ ಹೊಲಿಗೆ) ಚಿತ್ರವನ್ನು ಆರಂಭಿಸಿದ ಅವರು, ಒಟ್ಟು 19,600 ಹೊಲಿಗೆಗಳಿಗೆ ಬಣ್ಣವಾರು ಕೋಷ್ಟಕ ಮಾಡಿಕೊಂಡು, 612ನೆಯ ಹೊಲಿಗೆಯಲ್ಲಿ ನಿಂತುಬಿಟ್ಟಿದ್ದಾರೆ. ಗೆಳೆಯರು ನಕ್ಕಾಗ, ಗಣಕಕ್ಕೆ ದಾರಿ ತೋರಿದ್ದೇ ರಂಧ್ರದ ಪಟ್ಟಿಗಳಿಂದ ವಿನ್ಯಾಸ ನೇಯುವ ಜಕಾರ್ಡ್ ಮಗ್ಗವೆಂದು ವಾದಿಸುತ್ತಾರೆ. ಮನೆಯ ಹಿರಿಯರು “ಅಳೆದದ್ದು ಸಾಕು, ಹೊಲಿ” ಎನ್ನುತ್ತಾರೆ. ಇದು ಹವ್ಯಾಸವೋ, ಕಚೇರಿಯ ಕೆಲಸವೇ ಮನೆಗೂ ಬಂದು ಕುಳಿತಿದೆಯೋ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಅತ್ಯಂತ ಚಿಕ್ಕದನ್ನು ಮೊದಲು ಕೊಡುತ್ತಿದ್ದೇವೆ.

*

ಸ್ವಾಮಿ, ತಾವು ಹಾಕಿರುವ ಹೊಲಿಗೆಗಳಿಗಿಂತ ತಮ್ಮ ಪತ್ರದ ಅಕ್ಷರಗಳೇ ಹೆಚ್ಚು. ಅದನ್ನು ಬರೆಯುವ ಹೊತ್ತಿನಲ್ಲಿ 613ನೆಯದು ಮುಗಿಯುತ್ತಿತ್ತು.

— ಒಬ್ಬ ಓದುಗ

*

ಎರಡನೆಯ ಪತ್ರ ಬರೆದವರು ವಿದ್ಯಾರ್ಥಿ. ಅವರ ಉತ್ಸಾಹವನ್ನು ಸ್ಥಳಾಭಾವದಿಂದ ಅರ್ಧಕ್ಕೆ ಇಳಿಸಿದ್ದೇವೆ.

ಜಕಾರ್ಡ್ ಮಗ್ಗದ ಬಳಿಯೇ ಏಕೆ ನಿಂತಿರಿ, ಸರ್? 1804ರ ಸುಮಾರಿಗೆ ಬಂದ ಆ ಮಗ್ಗದಲ್ಲಿ ರಟ್ಟಿನ ಪಟ್ಟಿಯಲ್ಲಿ ರಂಧ್ರವಿದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಕೆಳಗೇ ಉಳಿಯುತ್ತದೆ. ಆ ಮಗ್ಗ ಹೂವು ಎಲೆಗಳನ್ನು ನೇಯುವಂತೆಯೇ ಚಾರ್ಲ್ಸ್ ಬ್ಯಾಬೇಜರ ಲೆಕ್ಕ ಹಾಕುವ ಯಂತ್ರ ಬೀಜಗಣಿತದ ವಿನ್ಯಾಸಗಳನ್ನು ನೇಯುತ್ತದೆ ಎಂದು ಗಣಿತಜ್ಞೆ ಏಡಾ ಲವ್‌ಲೇಸ್ 1843ರಲ್ಲಿ ಬರೆದರು. ಚಂದ್ರನಲ್ಲಿಗೆ ಹೋದ ಅಪೋಲೊ ನೌಕೆಗಳ ಗಣಕದ ಶಾಶ್ವತ ಸ್ಮೃತಿಯನ್ನಂತೂ ಕಾರ್ಖಾನೆಯಲ್ಲಿ ಕುಳಿತ ಹೆಂಗಸರು ಕೈಯಾರೆ ಪೋಣಿಸಿದ್ದರು: ತಂತಿಯು ಕಾಂತದ ಉಂಗುರದೊಳಗೆ ಹಾದರೆ ಒಂದು, ಹೊರಗಿನಿಂದ ಹಾದರೆ ಸೊನ್ನೆ. ಇನ್ನು ನಮ್ಮ ಕಸೂತಿಯ ಗವಂತಿ ಹೊಲಿಗೆಯನ್ನೇ ನೋಡಿ. ಹೋಗುವಾಗ ಒಂದು ಬಿಟ್ಟು ಒಂದು ಗೆರೆಯನ್ನು ತುಂಬುತ್ತೇವೆ, ಬರುವಾಗ ಬಿಟ್ಟ ಗೆರೆಗಳನ್ನು ತುಂಬುತ್ತೇವೆ. ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡುತ್ತದೆ. ಎಷ್ಟೇ ಕವಲಿರುವ ಚಿತ್ರವಾದರೂ ಅದು ಬಿಡಿಬಿಡಿಯಾಗಿರದಿದ್ದರೆ ಒಂದೇ ದಾರದಲ್ಲಿ ಹೊರಟ ಜಾಗಕ್ಕೇ ಮರಳಬಹುದು, ಏಕೆಂದರೆ ಪ್ರತಿ ಗೆರೆಯ ಮೇಲೂ ಎರಡು ಸಲ ಹಾಯುವುದರಿಂದ ಪ್ರತಿ ಕೂಡುಬಿಂದುವಿನಲ್ಲಿಯೂ ದಾರಿಗಳ ಎಣಿಕೆ ಸಮಸಂಖ್ಯೆಯೇ ಆಗುತ್ತದೆ. 1736ರಲ್ಲಿ ಗಣಿತಜ್ಞ ಆಯ್ಲರ್, ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟುವ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ್ದು ಇದೇ ಎಣಿಕೆಯಿಂದ. ಇಷ್ಟನ್ನು ಹೇಳಿದರೆ ಯಾವ ಗೆಳೆಯ ತಾನೇ ನಗುತ್ತಾನೆ?

— ಗಣಕ ವಿಜ್ಞಾನದ ವಿದ್ಯಾರ್ಥಿ

*

ಇದನ್ನು ಅಚ್ಚಿಗೆ ಕಳಿಸುವ ಮೊದಲು ನಮ್ಮ ಕಚೇರಿಯಲ್ಲಿ ಒಬ್ಬರು ಕರವಸ್ತ್ರದ ಮೂಲೆಯಲ್ಲಿ ಗವಂತಿ ಹಾಕಿ ನೋಡಿದರು. ದಾರ ಹೊರಟಲ್ಲಿಗೇ ಬಂತು. ಮುಂದಿನ ಪತ್ರ ನೇರವಾಗಿ ವಿಷಯಕ್ಕೆ ಬರುತ್ತದೆ, ಆದರೆ ಬೇರೊಂದು ವಿಷಯಕ್ಕೆ.

ಯಂತ್ರದಲ್ಲಿ ಹೊಲಿದಾಗ ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟುತ್ತದೆ, ಬಾಬಿನ್ (ಅಡಿಯ ದಾರದ ಉರುಳೆ) ಕೇಸಿನ ತಿರುಪನ್ನು ಎಷ್ಟು ಬಿಗಿದರೂ ಸರಿಹೋಗುತ್ತಿಲ್ಲ ಎಂದು ನೀವು ನಡುವೆ ಒಂದು ಸಾಲು ಬರೆದಿದ್ದೀರಿ. ಹವ್ಯಾಸದ ಮಾತು ನನಗೆ ತಿಳಿಯದು, ಇದು ತಿಳಿದಿದೆ. ಗೂಡು ಅಡಿಯಲ್ಲಿ ಕಾಣಿಸಿದರೆ ತಪ್ಪು ಬಹುಮಟ್ಟಿಗೆ ಮೇಲಿನ ದಾರದ್ದು. ಸೂಜಿ ಕೆಳಗಿಳಿದು ತುಸು ಮೇಲೇಳುವಾಗ ಅದರ ಬದಿಯಲ್ಲಿ ಸಣ್ಣ ಕುಣಿಕೆಯೊಂದು ಉಬ್ಬುತ್ತದೆ. ಕೊಕ್ಕೆಯು ಅದನ್ನು ಹಿಡಿದು ಬಾಬಿನ್ ಸುತ್ತ ಹಾಯಿಸಿದ ಮೇಲೆ ಮೇಲಿನ ಸನ್ನೆ ದಾರವನ್ನು ಎಳೆದುಕೊಳ್ಳಬೇಕು. ಮೇಲೆ ಬಿಗಿ ಇಲ್ಲದಿದ್ದರೆ ಎಳೆದುಕೊಳ್ಳಲಾಗದ ದಾರವೆಲ್ಲ ಅಡಿಯಲ್ಲಿ ರಾಶಿ ಬೀಳುತ್ತದೆ. ನೀವು ಬಟ್ಟೆಯನ್ನು ಒತ್ತಿಹಿಡಿಯುವ ಪಾದವನ್ನು ಇಳಿಸಿಟ್ಟು ದಾರ ಪೋಣಿಸುತ್ತಿರಬೇಕು. ಪಾದ ಇಳಿದಾಗ ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳು ಮುಚ್ಚಿಕೊಂಡಿರುವುದರಿಂದ ದಾರ ಅವುಗಳ ನಡುವೆ ಕೂರುವುದಿಲ್ಲ. ಪಾದ ಎತ್ತಿ ಮೊದಲಿನಿಂದ ಪೋಣಿಸಿ, ಹಳೆಯ ಸೂಜಿಯನ್ನೂ ಬದಲಿಸಿ. ತಿರುಗಿಸಿದ ತಿರುಪನ್ನು ದಯವಿಟ್ಟು ಮೊದಲಿದ್ದಲ್ಲಿಗೆ ತನ್ನಿ.

— ಹೊಲಿಗೆ ಯಂತ್ರ ರಿಪೇರಿ ಮಾಡುವವರು

*

ಭಿನ್ನಾಭಿಪ್ರಾಯವೊಂದು ಇಲ್ಲಿದೆ. ತುಸು ಖಾರವಾಗಿದೆ, ಅನ್ಯಾಯವಾಗಿಲ್ಲ.

ನಲವತ್ತು ವರ್ಷಗಳಿಂದ ಕಸೂತಿ ಹಾಕುತ್ತಿರುವ ನನಗೆ ನಿಮ್ಮ ಪತ್ರದಲ್ಲಿ ಚುಚ್ಚಿದ್ದು ಕೋಷ್ಟಕವಲ್ಲ, ಆ ಜಕಾರ್ಡ್ ವಾದ. ಸೂಜಿಗೆ ಗಣಕದ ಶಿಫಾರಸು ಪತ್ರ ಏಕೆ ಬೇಕು? ಬುದ್ಧಿವಂತರು ಕೈಗೆತ್ತಿಕೊಂಡ ಮೇಲೆಯೇ ಇದು ಬುದ್ಧಿಯ ಕೆಲಸವಾಯಿತೇ? ಆರೆಳೆಯ ದಾರದಿಂದ ಎರಡೆಳೆಯನ್ನು ಬೇರ್ಪಡಿಸುವಾಗ ಒಂದೊಂದಾಗಿ ಎಳೆದು ಮತ್ತೆ ಜೋಡಿಸಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಇದನ್ನು ಕಂಡುಕೊಂಡವರು ಯಾವ ಟಿಪ್ಪಣಿಯನ್ನೂ ಬರೆದಿಡಲಿಲ್ಲ. ನಿಮಗೆ ಎಣಿಸುವುದು ಖುಷಿ ಕೊಡುವುದಾದರೆ ಎಣಿಸಿ, ನಾನೂ ಎಣಿಸುತ್ತೇನೆ. ಎಣಿಸದೆ ಕಸೂತಿ ಹಾಕುವವರನ್ನು ನಾನಂತೂ ಕಂಡಿಲ್ಲ. ಆದರೆ ಗೆಳೆಯರ ನಗುವಿಗೆ ಅಂಜಿ ಚಂದ್ರಲೋಕದವರೆಗೆ ಹೋಗಿ ಸಾಕ್ಷಿ ತರಬೇಡಿ.

— ಗೃಹಿಣಿ ಎಂದು ಕರೆದರೆ ಬೇಸರಿಸದವಳು

*

ಕೊನೆಯ ದೀರ್ಘ ಪತ್ರದಲ್ಲಿ ಒಂದು ಸಾಲನ್ನೂ ನಾವು ಕಡಿತ ಮಾಡಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ನಾನು ಯೋಗ್ಯಳಲ್ಲ. “ಅಳೆದದ್ದು ಸಾಕು” ಎಂಬ ಮಾತನ್ನು ಓದಿದಾಗಿನಿಂದ ನಿದ್ದೆ ಬಾರದೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಮ್ಮ ಬಟ್ಟೆ ಹೊಲಿದು ನನ್ನನ್ನು ಎಂಜಿನಿಯರಿಂಗ್ ಓದಿಸಿದಳು. ಎರಡನೆಯ ವರ್ಷದ ರಜೆಯಲ್ಲಿ ಮನೆಗೆ ಬಂದಿದ್ದಾಗ, ಯಾರದೋ ಅಂಗಿಗೆ ಅವಳು ಕತ್ತರಿಸಿಟ್ಟಿದ್ದ ತುಂಡುಗಳನ್ನು ಬೇಸರ ಕಳೆಯಲೆಂದು ಅಳೆದು ನೋಡಿದೆ. ಕಂಕುಳಿನ ಸುತ್ತಿನ ಅಂಚು 46 ಸೆಂಟಿಮೀಟರ್ ಇತ್ತು, ಅದಕ್ಕೆ ಕೂಡಿಸಬೇಕಾದ ತೋಳಿನ ಮೇಲಂಚು 49 ಇತ್ತು. ಎರಡು ಅಂಚುಗಳನ್ನು ಸೇರಿಸಬೇಕಾದರೆ ಅವು ಸಮವಾಗಿರಬೇಕೆಂಬುದು ನನ್ನ ಗಣಿತ. ಅಮ್ಮ ಹೊರಗೆ ಹೋಗಿದ್ದಳು. ಅವಳಿಗೆ ಉಪಕಾರ ಮಾಡುತ್ತಿದ್ದೇನೆಂಬ ಹೆಮ್ಮೆಯಿಂದ ಎರಡೂ ತೋಳುಗಳ ನೆತ್ತಿಯನ್ನು ಕತ್ತರಿಸಿ 46ಕ್ಕೆ ಇಳಿಸಿದೆ. ಅವಳು ಬಂದಾಗ “ನಿನ್ನ ಲೆಕ್ಕ ತಪ್ಪಿತ್ತಮ್ಮ, ಸರಿಮಾಡಿದ್ದೇನೆ” ಎಂದೆ. ಅವಳು ತುಂಡುಗಳನ್ನು ಎತ್ತಿ ನೋಡಿದಳು, ಮಾತಾಡಲಿಲ್ಲ. ಮಿಕ್ಕ ಬಟ್ಟೆ ಸಾಲದ್ದರಿಂದ ಇದ್ದದ್ದರಲ್ಲೇ ಹೊಲಿದಳು. ಅಂಗಿಯ ಒಡತಿ ತೊಟ್ಟಾಗ ಭುಜ ಹಿಡಿದುಕೊಂಡಿತು. “ನನ್ನ ಕತ್ತರಿ ತಪ್ಪಿತು” ಎಂದು ಹೇಳಿದ ಅಮ್ಮ ತನ್ನ ಹಣದಲ್ಲಿ ಹೊಸ ಬಟ್ಟೆ ತಂದಳು.

ಅಂದು ಸಂಜೆ ಅವಳು ನನ್ನನ್ನು ಬಯ್ಯಲಿಲ್ಲ. ಒಂದು ಚಿಂದಿಯನ್ನು ತೋಳಿನಂತೆ ಕತ್ತರಿಸಿ, ಅಂಚಿನ ಒಳಗೆ ಎರಡು ಸಾಲು ಸಡಿಲ ಓಟದ ಹೊಲಿಗೆ ಹಾಕಿ, ದಾರದ ತುದಿಯನ್ನು ಮೆಲ್ಲಗೆ ಎಳೆದಳು. ಚಪ್ಪಟೆ ಬಟ್ಟೆ ಒಂದು ನೆರಿಗೆಯೂ ಇಲ್ಲದೆ ಬಟ್ಟಲಿನಂತೆ ಉಬ್ಬಿತು. “ಭುಜ ಚಪ್ಪಟೆಯಾಗಿದೆಯೇನೇ?” ಎಂದು ಕೇಳಿದಳು. ನಾನು ಓದುವುದಿದೆ ಎಂದು ಎದ್ದು ಹೋದೆ.

ಹಲವು ವರ್ಷಗಳ ನಂತರ, ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಕ್ರೋಷಾ ಕಡ್ಡಿಯಿಂದ ಹೈಪರ್ಬೋಲಿಕ್ ಸಮತಲದ, ಅಂದರೆ ಎಲ್ಲೆಡೆಯೂ ಜೀನಿನಂತೆ ಬಾಗಿದ ಮೇಲ್ಮೈಯ, ಮಾದರಿಯನ್ನು ಹೆಣೆದ ವಿಚಾರ ಓದಿದೆ. ಪ್ರತಿ ಸಾಲಿನಲ್ಲಿಯೂ ಒಂದೇ ಪ್ರಮಾಣದಲ್ಲಿ ಹೊಲಿಗೆ ಹೆಚ್ಚಿಸುತ್ತ ಹೋದರೆ ಅಂಚು ಹಿಡಿಸಲಾರದಷ್ಟು ಬೆಳೆದು ಅಲೆಯಲೆಯಾಗಿ ಸುರುಳುತ್ತದೆ. ಅಂಚು ಹೆಚ್ಚಾದರೆ ಅಲೆ, ಕುಗ್ಗಿದರೆ ಬಟ್ಟಲು. ನಾನು ನೋಡದೆ ಎದ್ದುಹೋದದ್ದು ಇದರ ಎರಡನೆಯ ಅರ್ಧವನ್ನು. ಆ ಹೊತ್ತಿಗೆ ಅಮ್ಮ ಇರಲಿಲ್ಲ. ಅವಳ ಯಂತ್ರ ನನ್ನ ಮನೆಯಲ್ಲಿದೆ, ಹನ್ನೊಂದು ವರ್ಷಗಳಿಂದ ಮುಸುಕು ತೆಗೆದಿಲ್ಲ.

ನಿಮ್ಮ ಹಿರಿಯರಿಗೆ ಲೆಕ್ಕ ಬಾರದೆಂದು ಎಣಿಸಬೇಡಿ. ಎಲ್ಲಿಯವರೆಗೆ ಅಳೆಯಬೇಕು, ಎಲ್ಲಿಂದ ಬಟ್ಟೆಯನ್ನು ಕೇಳಬೇಕು ಎಂದು ಅವರ ಪಕ್ಕದಲ್ಲಿ ಕುಳಿತು ಕೇಳಿ, ಅವರು ತೋರಿಸುವಾಗ ಎದ್ದು ಹೋಗಬೇಡಿ.

— ಹೆಸರು ಬೇಡವೆಂದವರು

*

ಈ ಪುಟ ಮುಗಿಯುವ ಹೊತ್ತಿಗೆ ಇನ್ನೊಂದು ಕಾರ್ಡು ಬಂತು.

ನಾನೂ ಅಂತಹುದೇ ಚಿತ್ರದಲ್ಲಿ ಸಿಕ್ಕಿಕೊಂಡು ಬಣ್ಣಗಳ ಎಣಿಕೆ ತಪ್ಪಿ ಮೂರು ಸಲ ಬಿಚ್ಚಿದ್ದೇನೆ. ಆ ಓದುಗರ ಕೋಷ್ಟಕವನ್ನು ದಯವಿಟ್ಟು ನನಗೆ ಕಳಿಸಿಕೊಡಲಾಗುತ್ತದೆಯೇ?

— ಎಣಿಸಲು ಬಾರದವಳು

*

ಓದುಗರ ವಿಳಾಸಗಳನ್ನು ನಾವು ಕೊಡುವುದಿಲ್ಲ. ಕೋಷ್ಟಕವನ್ನು ಕಚೇರಿಗೆ ಕಳಿಸಿದರೆ ತಲುಪಿಸುತ್ತೇವೆ. ನಮಗೂ ಒಂದು ಪ್ರತಿ ಇರಲಿ.

— ಸಂ.