ತೋಟದಲ್ಲಿ ಸಿಕ್ಕಿದ ಮಡಕೆ: ಸರ್ಕಾರಿ ಲ್ಯಾಬ್‌ಗೆ ನಾವೇ ಕಳಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಕಾರ್ಕಳದ ಹತ್ತಿರ. ತೋಟದಲ್ಲಿ ಜೆಸಿಬಿ ಕೆಲಸ ಮಾಡಿಸುವಾಗ ಮುರಕಲ್ಲಿನ ಅಡಿಯಲ್ಲಿ ಒಂದು ಗುಂಡಿ ಸಿಕ್ಕಿತು. ಒಳಗೆ ಕಪ್ಪು-ಕೆಂಪು ಮಡಕೆಗಳು, ಸ್ವಲ್ಪ ಇದ್ದಿಲು. ಮೂಳೆ ಇಲ್ಲ. ಒಂದು ಮಡಕೆ ಮನೆಗೆ ತಂದಿದ್ದೇನೆ, ಬಾಕಿ ಹಾಗೇ ಇದೆ. ಸರ್ಕಾರಿ ಲ್ಯಾಬ್‌ಗೆ ಕೊರಿಯರ್ ಮಾಡಿದರೆ ಎಷ್ಟು ಹಳೆಯದು ಅಂತ ಹೇಳುತ್ತಾರಾ?

ಉತ್ತರ: ಬಾಕಿದ್ದನ್ನು ಮುಟ್ಟದೆ ಬಿಟ್ಟಿರಲ್ಲ, ಅದೇ ದೊಡ್ಡ ಉಪಕಾರ. ಕೊರಿಯರ್ ಬೇಡ. ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ, ರಾಜ್ಯದ ಪುರಾತತ್ವ ಇಲಾಖೆಯವರು ಬಂದು ನೋಡಲಿ. ಮಡಕೆ ಒಂದೇ ಬಂದರೆ ಲ್ಯಾಬ್‌ನವರು ಹೇಳುವುದು ತುಂಬಾ ಕಡಿಮೆ. ಮಡಕೆ ಸುಡುವಾಗ ಅದರೊಳಗಿನ ಮರಳಿನ ಕಣಗಳು ಅಲ್ಲಿಯ ತನಕ ಹಿಡಿದಿಟ್ಟ ವಿಕಿರಣದ ಲೆಕ್ಕ ಸೊನ್ನೆಗೆ ಬರುತ್ತದೆ. ಆಮೇಲೆ ಅವು ಸುತ್ತಲಿನ ಮಣ್ಣಿನ ವಿಕಿರಣವನ್ನು ವರ್ಷಾನುಗಟ್ಟಲೆ ಹಿಡಿದಿಡುತ್ತಾ ಹೋಗುತ್ತವೆ. ನಾವು ಅಳೆಯುವುದು ಅದನ್ನೇ, ಹಾಗಾಗಿ ಆ ಗುಂಡಿಯ ಮಣ್ಣೂ ಬೇಕು. ಇದ್ದಿಲಿಗಾದರೆ ಕಾರ್ಬನ್ ಪರೀಕ್ಷೆ ಇದೆ, ಸುಮಾರು 50,000 ವರ್ಷದ ತನಕ ನಡೆಯುತ್ತದೆ, ಕೆಲವು ಮಿಲಿಗ್ರಾಂ ಸಾಕು. ಆದರೆ ಆ ಇದ್ದಿಲು ಮಡಕೆಯ ಕಾಲದ್ದೇನಾ, ಆಮೇಲೆ ಬೇರಿನ ಜೊತೆ ಇಳಿದದ್ದಾ ಅಂತ ಗುಂಡಿಯೇ ಹೇಳಬೇಕು.

ಮೂಳೆ ಇಲ್ಲ ಅಂತ ಗೋರಿ ಅಲ್ಲ ಅಂದುಕೊಳ್ಳಬೇಡಿ. ನಮ್ಮ ಹುಳಿ ಮಣ್ಣು, ಈ ಮಳೆ, ಎರಡೂ ಸೇರಿ ಮೂಳೆ ಕರಗಿಸಿಬಿಡುತ್ತವೆ. ಮೂಡುಬಿದಿರೆ ಹತ್ತಿರ ಮೂಡುಕೊಣಾಜೆಯ ಕಲ್ಲುಗೋರಿಗಳಲ್ಲಿ ಹೆಚ್ಚಿನವು ಹಾಳಾಗಿವೆ, ಅದಕ್ಕೇ ನಿಮ್ಮ ಗುಂಡಿಯ ಬಗ್ಗೆ ಇಷ್ಟು ಒತ್ತಾಯ.

ಮತ್ತೊಬ್ಬರು: ಹಾಗಾದರೆ ನಮ್ಮ ತೆರಿಗೆಯ ಲ್ಯಾಬ್‌ಗಳು ಯಾಕೆ ಮೇಡಂ? ತಮಿಳುನಾಡಿನ ಕೀಳಡಿಯ ಉತ್ಖನನದಲ್ಲಿ ಸಿಕ್ಕ ಇದ್ದಿಲು ಕೂಡ ಅಮೆರಿಕಕ್ಕೇ ಹೋಯ್ತು ಅಲ್ವಾ?

ಉತ್ತರ: ಹೋಯ್ತು. ಮಯಾಮಿಯ ಖಾಸಗಿ ಲ್ಯಾಬ್‌ಗೆ ಕಳಿಸಿ, ಕ್ರಿಸ್ತಪೂರ್ವ 6ನೇ ಶತಮಾನ ಅಂತ ಫಲಿತಾಂಶ ಬಂತು. ಅದರಲ್ಲಿ ತಪ್ಪೇನೂ ಇಲ್ಲ. ಇಲ್ಲೂ ಕಾರ್ಬನ್ ಪರೀಕ್ಷೆಯ ಯಂತ್ರಗಳಿವೆ ಮಾರಾಯ್ರೆ: ದೆಹಲಿಯ ಐಯುಎಸಿ (ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್), ಅಹಮದಾಬಾದಿನ ಪಿಆರ್‌ಎಲ್ (ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ), ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆ.

ಆದರೆ ನನ್ನ ಪ್ರಕಾರ ಸಾರ್ವಜನಿಕ ಕೇಂದ್ರದ ಕೆಲಸ ವರ್ಷ ಹೇಳುವುದಷ್ಟೇ ಅಲ್ಲ. ಯಾವ ಗಿರಾಕಿಯೂ ದುಡ್ಡು ಕೊಡದ ತಳಪಾಯದ ಕೆಲಸ ಇರುತ್ತದೆ. ಮರುವಾಯಿ ಚಿಪ್ಪನ್ನೇ ತೆಗೆದುಕೊಳ್ಳಿ. ಸಮುದ್ರದ ನೀರಿನಲ್ಲಿ ಹಳೆಯ ಕಾರ್ಬನ್ ಇರುವುದರಿಂದ ಚಿಪ್ಪು ತನ್ನ ನಿಜವಾದ ವಯಸ್ಸಿಗಿಂತ ಕೆಲವು ನೂರು ವರ್ಷ ಹಳೆಯದಾಗಿ ತೋರುತ್ತದೆ, ಎಷ್ಟು ಅನ್ನುವುದು ಒಂದೊಂದು ಕರಾವಳಿಗೂ ಬೇರೆ. ಅದನ್ನು ಯಾರಾದರೂ ಕೂತು ಅಳೆದಿಡಬೇಕು. ಹಾಗೆಯೇ ಇಲ್ಲಿನ ಭತ್ತ, ಹುರುಳಿ, ಕಾಡುಗಿಡಗಳ ಬೀಜ, ಪರಾಗದ ಮಾದರಿ ಸಂಗ್ರಹ ಬೇಕು, ಇಲ್ಲದಿದ್ದರೆ ಗೋರಿಯಲ್ಲಿ ಸಿಕ್ಕ ಕರಿ ಕಾಳು ಯಾವುದು ಅಂತ ಯಾವುದರ ಜೊತೆ ಹೋಲಿಸಿ ನೋಡುವುದು? ಉಳಿದ ಸ್ಯಾಂಪಲ್ ಜೋಪಾನ ಮಾಡಬೇಕು, ಮುಂದೆ ಇನ್ನೂ ಒಳ್ಳೆಯ ವಿಧಾನ ಬಂದಾಗ ಬೇಕಾಗುತ್ತದೆ. ಊರಿನವರ ನಂಬಿಕೆಗೆ ಹೊಂದದ ಫಲಿತಾಂಶ ಬಂದರೂ ಪ್ರಕಟಿಸಬೇಕು. ಜಿಲ್ಲೆಯ ಕಾಲೇಜು ಹುಡುಗರಿಗೆ ಸ್ಯಾಂಪಲ್ ತೆಗೆಯುವುದು ಹೇಗೆ ಅಂತ ಕಲಿಸಬೇಕು, ಇದು ಸಾಕಷ್ಟು ಆಗುತ್ತಿಲ್ಲ ಅಂತ ನನಗೆ ನಿಜವಾಗಿ ಬೇಸರ ಇದೆ.

ಪ್ರಶ್ನೆ ಕೇಳಿದವರು: ನಾಳೆಯೇ ಅರ್ಜಿ ಕೊಡುತ್ತೇನೆ. ಮಡಕೆ ಪ್ಲಾಸ್ಟಿಕ್ ಚೀಲದಲ್ಲಿದೆ, ತೊಳೆದಿಡಲಾ?

ಉತ್ತರ: ತೊಳೆಯಲೇಬೇಡಿ! ಬೇಯಿಸಿದ್ದರ ಜಿಡ್ಡು ಮಡಕೆಯ ಗೋಡೆಯೊಳಗೆ ಇಳಿದಿರುತ್ತದೆ, ಅಂಟಿದ ಮಣ್ಣೂ ನಮಗೆ ಬೇಕು. ಪ್ಲಾಸ್ಟಿಕ್‌ನ ಎಣ್ಣೆ ಅಂಶ ಅದಕ್ಕೆ ಸೇರಿ ಪರೀಕ್ಷೆ ಕೆಡುತ್ತದೆ, ಈಗಲೇ ತೆಗೆದು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಒಡೆದ ಚೂರಿಗೆ ಗಮ್ ಹಾಕಬೇಡಿ. ಗುಂಡಿಗೆ ಟರ್ಪಾಲ್ ಮುಚ್ಚಿ, ಸುತ್ತ ನೀರು ಹರಿದುಹೋಗಲು ಕಣಿ ಮಾಡಿ. ಮುಚ್ಚುವ ಮೊದಲು ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.