ಅರ್ಥಶಾಸ್ತ್ರಕ್ಕೆ ಟ್ಯೂಷನ್ ಬೇಕಾ? ಈ ವಾರದ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಪಿಯು ಮತ್ತು ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಈ ವಾರ ಅಡ್ಮಿನ್ ನನ್ನನ್ನು ಉತ್ತರ ಹೇಳಲು ಕೂರಿಸಿದ್ದಾರೆ. ಪಾಠದ ಬಗ್ಗೆ, ಫೀಸಿನ ಬಗ್ಗೆ, ಟ್ಯೂಷನ್ ಹುಡುಕುವ ಬಗ್ಗೆ ಏನು ಬೇಕಾದರೂ ಕೇಳಿ. ‘ಈ ಸಲ ಯಾವ ಪ್ರಶ್ನೆ ಬರುತ್ತೆ’ ಅಂತ ಮಾತ್ರ ಕೇಳಬೇಡಿ. ಅದು ಗೊತ್ತಿದ್ದಿದ್ದರೆ ನಾನು ಬೇರೆ ಏನೋ ಮಾಡುತ್ತಿದ್ದೆ.

ಪ್ರಶ್ನೆ (ತಾಯಿ, ತುಮಕೂರು): ಮೇಡಂ, ಮಗಳು ಸೆಕೆಂಡ್ ಪಿಯು ಕಾಮರ್ಸ್. ಅಕೌಂಟೆನ್ಸಿ ಚೆನ್ನಾಗಿ ಮಾಡುತ್ತಾಳೆ. ಎಕನಾಮಿಕ್ಸ್‌ನಲ್ಲಿ ಮಾತ್ರ ಮಿಡ್‌ಟರ್ಮ್‌ಗೆ ಅರ್ಧವೂ ಬಂದಿಲ್ಲ. ಹತ್ತಿರದ ಒಂದು ಕೋಚಿಂಗ್ ಸೆಂಟರ್‌ನವರು ‘ವರ್ಷದ ಫೀಸು ಒಟ್ಟಿಗೆ ಕಟ್ಟಿ, 90ರ ಮೇಲೆ ಗ್ಯಾರಂಟಿ’ ಅನ್ನುತ್ತಿದ್ದಾರೆ. ಸೇರಿಸಲಾ?

ಉತ್ತರ: ಸದ್ಯಕ್ಕೆ ದುಡ್ಡು ಕಟ್ಟಬೇಡಿ ಅಮ್ಮ. ಮೊದಲು ಕಾಲೇಜಿನಿಂದ ಮಿಡ್‌ಟರ್ಮ್‌ನ ಉತ್ತರ ಪತ್ರಿಕೆ ಕೇಳಿ ತರಿಸಿಕೊಳ್ಳಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಕ್ಸ್ ಎಲ್ಲೆಲ್ಲಿ ಹೋಗಿದೆ ಅಂತ ನೋಡಿ. ಬರೆಯದೇ ಬಿಟ್ಟಿದ್ದಾಳಾ? ಬರೆದಿದ್ದಾಳೆ, ಆದರೆ ಎರಡೇ ಸಾಲಾ? ಇಲ್ಲ, ಚಿತ್ರ ಮತ್ತು ಲೆಕ್ಕದಲ್ಲಿ ಹೋಗಿದೆಯಾ? ನಿಮಗೆ ವಿಷಯ ಗೊತ್ತಿಲ್ಲದಿದ್ದರೂ ಇಷ್ಟು ಕಾಣುತ್ತದೆ.

ಅಕೌಂಟ್ಸ್ ಬರುವ ಮಕ್ಕಳಿಗೆ ಲೆಕ್ಕದ ಭಯ ಇರುವುದಿಲ್ಲ. ಅವರು ಸೋಲುವುದು ಸಾಮಾನ್ಯವಾಗಿ ರೇಖಾಚಿತ್ರದಲ್ಲಿ. ಚುಕ್ಕಿ ಎಣಿಸಿ ರಂಗೋಲಿ ಎಳೆದ ಹಾಗೆ ಗೈಡ್‌ನಲ್ಲಿರುವ ಚಿತ್ರವನ್ನು ಬಾಯಿಪಾಠ ಮಾಡಿರುತ್ತಾರೆ. ಪ್ರಶ್ನೆ ಒಂಚೂರು ತಿರುಗಿಸಿ ಕೇಳಿದರೆ ಕೈ ನಿಂತುಬಿಡುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಖಾಲಿ ಹಾಳೆ ಕೊಟ್ಟು ಮಾರುಕಟ್ಟೆ ಸಮತೋಲನದ ಚಿತ್ರ, ಅಂದರೆ ಬೇಡಿಕೆ ರೇಖೆ ಮತ್ತು ಪೂರೈಕೆ ರೇಖೆ ಒಂದನ್ನೊಂದು ದಾಟುವ ಚಿತ್ರ ಬರೆಸಿ. ಬೆಲೆ ನಿಂತ ಅಕ್ಷದಲ್ಲಿ, ಪ್ರಮಾಣ ಮಲಗಿದ ಅಕ್ಷದಲ್ಲಿ ಇರಬೇಕು, ಎರಡಕ್ಕೂ ಹೆಸರು ಬರೆದಿರಬೇಕು. ಆಮೇಲೆ ಸಮತೋಲನ ಬೆಲೆಗಿಂತ ಮೇಲೆ ಬೆರಳಿಟ್ಟು ‘ಬೆಲೆ ಇಲ್ಲಿದ್ದರೆ ಏನಾಗುತ್ತೆ?’ ಅಂತ ಕೇಳಿ. ‘ಮಾಲು ಮಿಗುತ್ತೆ, ಬೆಲೆ ಕೆಳಗಿಳಿಯುತ್ತೆ’ ಅಂದು ಎರಡು ರೇಖೆಗಳ ನಡುವಿನ ಜಾಗ ತೋರಿಸಿದರೆ ಟ್ಯೂಷನ್ ಬೇಡ, ಬರೆದು ಅಭ್ಯಾಸ ಮಾಡಿದರೆ ಸಾಕು. ಸುಮ್ಮನೆ ನಿಮ್ಮ ಮುಖ ನೋಡಿದರೆ ಎರಡು ತಿಂಗಳು, ವಾರಕ್ಕೆ ಎರಡು ದಿನ ಯಾರಾದರೂ ಹೇಳಿಕೊಡಲಿ. ಅನುಭೋಗಿಯ ವರ್ತನೆ, ಉತ್ಪಾದನೆ ಮತ್ತು ವೆಚ್ಚ, ರಾಷ್ಟ್ರೀಯ ವರಮಾನ. ಈ ಮೂರು ಪಾಠ ಗಟ್ಟಿಯಾದರೆ ಉಳಿದದ್ದನ್ನು ಅವಳೇ ಓದಿಕೊಳ್ಳುತ್ತಾಳೆ. ವರ್ಷದ ಫೀಸು ಯಾಕೆ?

ಪ್ರಶ್ನೆ (ಅದೇ ತಾಯಿ): ಒಳ್ಳೆ ಟ್ಯೂಷನ್ ಅಂತ ಗುರುತಿಸೋದು ಹೇಗೆ ಮೇಡಂ?

ಉತ್ತರ: ಒಂದು ತಿಂಗಳಾದ ಮೇಲೆ ಅವಳ ನೋಟ್‌ಬುಕ್ ತೆಗೆದು ನೋಡಿ. ಬರೀ ನೋಟ್ಸ್ ಮತ್ತು ಜೆರಾಕ್ಸ್ ಇದ್ದರೆ ಬಿಡಿಸಿ. ಅವಳ ಕೈಬರಹದಲ್ಲಿ ತಪ್ಪು ಚಿತ್ರ, ಅದರ ಮೇಲೆ ಗೀಟು, ಪಕ್ಕದಲ್ಲಿ ಸರಿ ಮಾಡಿದ ಚಿತ್ರ ಇದ್ದರೆ ಮುಂದುವರಿಸಿ. ‘ಪಾಸಿಂಗ್ ಪ್ಯಾಕೇಜ್’ ಕೊಡುವವರ ಮೇಲೆ ನನಗೇನೂ ಕೋಪವಿಲ್ಲ. ಫೇಲ್ ಆಗುವ ಅಂಚಿನಲ್ಲಿರುವ ಮಗುವಿಗೆ ಅದು ಬೇಕು. ನಿಮ್ಮ ಮಗಳಿಗೆ ಬೇಡ. ಇನ್ನೊಂದು ವಿಷಯ. ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಅಂಕ 20. ಆ 20 ಕಾಲೇಜಿನಲ್ಲಿ ಸಿಗುವುದು, ಯಾವ ಟ್ಯೂಷನ್‌ನವರೂ ಅದನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುವ ಹಾಗಿಲ್ಲ.

ಪ್ರಶ್ನೆ (ತಂದೆ, ಹುಬ್ಬಳ್ಳಿ): ನಾವು ಹಾಗೇ ವರ್ಷದ ಫೀಸು ಕಟ್ಟಿದ್ದೆವ್ರಿ. ಮಗನಿಗೆ ಹೊಂದಲಿಲ್ಲ, ಒಂದೇ ತಿಂಗಳಿಗೆ ಬಿಟ್ಟ. ಈಗ ರೊಕ್ಕ ವಾಪಸ್ ಕೊಡಲ್ಲ ಅಂತಾರ. ಏನು ಮಾಡೋದ್ರಿ?

ಉತ್ತರ: ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸನ್ನು ಲೆಕ್ಕ ಹಾಕಿ 10 ದಿನದೊಳಗೆ ಕೊಡಬೇಕು ಅಂತ ಅದರಲ್ಲಿದೆ. ರ್‍ಯಾಂಕ್, ಮಾರ್ಕ್ಸ್ ಗ್ಯಾರಂಟಿ ಅಂತ ಹೇಳುವ ಹಾಗಿಲ್ಲ ಅಂತಲೂ ಇದೆ. ಆದರೆ ಎರಡು ಮಾತು. ಅದು 50ಕ್ಕಿಂತ ಹೆಚ್ಚು ಮಕ್ಕಳಿರುವ ಸೆಂಟರ್‌ಗಳಿಗೆ. ಮತ್ತೆ ಅದು ಮಾರ್ಗಸೂಚಿ, ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿದೆ.

ಹಾಗಾಗಿ ಮೊದಲು ಲಿಖಿತವಾಗಿ ಕೇಳಿ. ರಸೀದಿಯ ಫೋಟೊ, ಸೇರಿದ ದಿನ, ಬಿಟ್ಟ ದಿನ ಎಲ್ಲ ಹಾಕಿ ಒಂದು ಮೇಲ್ ಕಳಿಸಿ. ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ರಸೀದಿಯೇ ಕೊಟ್ಟಿಲ್ಲ ಅಂದರೆ ಯುಪಿಐ ದಾಖಲೆ ಹುಡುಕಿ.

ಪ್ರಶ್ನೆ (ಸೆಕೆಂಡ್ ಪಿಯು ವಿದ್ಯಾರ್ಥಿ, ಕೋಲಾರ): ಮೇಡಂ, 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ಜನ ಕೊಳ್ಳೋದು ಕಮ್ಮಿ ಮಾಡಿದರು. ಅಂದರೆ ಬೇಡಿಕೆ ರೇಖೆ ಎಡಕ್ಕೆ ಸರಿಯಿತು ತಾನೇ? ಟೆಸ್ಟಲ್ಲಿ ಹಾಗೆ ಬರೆದೆ, ಸೊನ್ನೆ ಕೊಟ್ಟಿದ್ದಾರೆ.

ಉತ್ತರ: ಸೊನ್ನೆ ಸ್ವಲ್ಪ ಜಾಸ್ತಿಯೇ ಆಯಿತು ಪುಟ್ಟಾ, ಆದರೆ ಉತ್ತರ ತಪ್ಪೇ. ಇಂಥ ಪ್ರಶ್ನೆ ಬಂದಾಗ ಮೊದಲು ‘ಮೊದಲು ಅಲುಗಾಡಿದ್ದು ಯಾವುದು?’ ಅಂತ ಕೇಳಿಕೋ. ಆ ವರ್ಷ ಹವಾಮಾನ ಕೆಟ್ಟಿತ್ತು, ಎಲೆ ಮುದುಡುವ ರೋಗ ಬಂದಿತ್ತು, ಬೆಳೆ ಹೋಯಿತು. ಮಾರುಕಟ್ಟೆಗೆ ಬರುವ ಮಾಲೇ ಕಡಿಮೆಯಾಯಿತು. ಹಾಗಾಗಿ ಎಡಕ್ಕೆ ಸರಿದದ್ದು ಪೂರೈಕೆ ರೇಖೆ. ಬೇಡಿಕೆ ರೇಖೆ ಇದ್ದಲ್ಲೇ ಇದೆ. ಜನ ಅದೇ ರೇಖೆಯ ಮೇಲೆ ಎಡಕ್ಕೆ, ಮೇಲಕ್ಕೆ ಹತ್ತಿದರು, ಅಷ್ಟೇ.

ಬೇಡಿಕೆ ರೇಖೆಯೇ ಸರಿಯಬೇಕಾದರೆ ಟೊಮೆಟೊ ಬೆಲೆ ಬಿಟ್ಟು ಬೇರೆ ಏನೋ ಬದಲಾಗಬೇಕು. ಮದುವೆ ಸೀಸನ್ ಬಂತು, ಬಲಕ್ಕೆ ಸರಿಯುತ್ತದೆ. ಹುಣಸೆಹಣ್ಣು ತೀರಾ ಅಗ್ಗವಾಯಿತು, ಸಾರಿಗೆ ಜನ ಅದನ್ನೇ ಹಾಕತೊಡಗಿದರು, ಆಗ ಎಡಕ್ಕೆ. ಬೆಲೆ ನಿಂತ ಅಕ್ಷದ ಮೇಲೆಯೇ ಇದೆಯಲ್ವಾ? ಅದು ಬದಲಾದರೆ ರೇಖೆಯ ಮೇಲಿನ ಚುಕ್ಕಿ ಓಡಾಡುತ್ತದೆ. ಚಿತ್ರದಲ್ಲಿ ಇಲ್ಲದ ಸಂಗತಿ ಬದಲಾದರೆ ಇಡೀ ರೇಖೆಯೇ ಜರುಗುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಅರ್ಥ ಆಯ್ತು ಮೇಡಂ. ಆದರೆ ಜನ ಕಮ್ಮಿ ಕೊಂಡರೂ ನಮ್ಮೂರಲ್ಲಿ ಕೆಲವರು ಚೆನ್ನಾಗಿ ದುಡ್ಡು ಮಾಡಿದರಲ್ಲ?

ಉತ್ತರ: ಒಳ್ಳೇ ಪ್ರಶ್ನೆ. ಒಂದು ಮನೆ ತಗೋ. ಕೆಜಿಗೆ 20 ರೂಪಾಯಿ ಇದ್ದಾಗ ವಾರಕ್ಕೆ 2 ಕೆಜಿ ಕೊಳ್ಳುತ್ತಿದ್ದರು, ಖರ್ಚು 40. ಬೆಲೆ 100 ಆದಾಗ 1 ಕೆಜಿಗೆ ಇಳಿದರು, ಖರ್ಚು 100. ಬೆಲೆ ಏರಿದ್ದು ಶೇ 400, ಪ್ರಮಾಣ ಇಳಿದದ್ದು ಶೇ 50. 50ನ್ನು 400ರಿಂದ ಭಾಗಿಸು, 0.125. ಇದೇ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಕೊಳ್ಳುವುದು ಎಷ್ಟು ಬದಲಾಗುತ್ತದೆ ಅನ್ನುವ ಅಳತೆ. ಒಂದಕ್ಕಿಂತ ತುಂಬಾ ಕಡಿಮೆ. ಇಂಥ ಬೇಡಿಕೆ ಇರುವಾಗ ಬೆಲೆ ಏರಿದರೆ ಒಟ್ಟು ವಹಿವಾಟಿನ ದುಡ್ಡು ಜಾಸ್ತಿಯಾಗುತ್ತದೆ. ಆದರೆ ಅದು ಸಿಗುವುದು ಬೆಳೆ ಉಳಿಸಿಕೊಂಡವರಿಗೆ. ರೋಗ ಬಂದು ಹೊಲವೇ ಹೋದವರಿಗೆ ಬಾಕ್ಸ್ 2000 ಆದರೇನು, 200 ಆದರೇನು?

ಇದನ್ನೇ ತಿರುಗಿಸಿ ನೋಡು. ಬೆಳೆ ವಿಪರೀತ ಬಂದ ವರ್ಷ ಬೆಲೆ ಅರ್ಧಕ್ಕೆ ಬಿದ್ದರೂ ಯಾರೂ ಎರಡರಷ್ಟು ಟೊಮೆಟೊ ತಿನ್ನುವುದಿಲ್ಲ. ಅದಕ್ಕೇ ರಸ್ತೆಗೆ ಸುರಿಯುವ ಪರಿಸ್ಥಿತಿ ಬರುವುದು. ಅದನ್ನು ನೀನು ಕಣ್ಣಾರೆ ನೋಡಿರುತ್ತೀಯ. ಸ್ಥಿತಿಸ್ಥಾಪಕತ್ವಕ್ಕೆ ಗೈಡ್‌ನ ಉಪ್ಪು, ಬೆಂಕಿಪೊಟ್ಟಣದ ಉದಾಹರಣೆ ಬಿಟ್ಟು ಇದನ್ನು ಬರಿ.

ಪ್ರಶ್ನೆ (ವಿದ್ಯಾರ್ಥಿನಿ, ಮಂಡ್ಯ): ಅಮ್ಮನಿಗೆ ಗೃಹಲಕ್ಷ್ಮಿಯ 2000 ಬರುತ್ತೆ. ಅದು ಜಿಡಿಪಿಗೆ ಸೇರುತ್ತಾ?

ಉತ್ತರ: ಇಲ್ಲ. ಅಮ್ಮ ಅದಕ್ಕೆ ಬದಲಾಗಿ ಸರ್ಕಾರಕ್ಕೆ ಯಾವ ಸರಕೂ, ಸೇವೆಯೂ ಕೊಟ್ಟಿಲ್ಲ. ಅದು ವರ್ಗಾವಣೆ ಪಾವತಿ. ಅದೇ ದುಡ್ಡಿನಲ್ಲಿ ಹೊಸ ಮಿಕ್ಸಿ ಕೊಂಡರೆ ಮಿಕ್ಸಿಯ ಬೆಲೆ ಅನುಭೋಗ ವೆಚ್ಚದಲ್ಲಿ ಸೇರುತ್ತದೆ. ಹಳೇ ಸ್ಕೂಟರ್ ಕೊಂಡರೆ ಸ್ಕೂಟರ್ ಬೆಲೆ ಸೇರುವುದಿಲ್ಲ, ನಡುವೆ ನಿಂತ ಬ್ರೋಕರ್‌ನ ಕಮಿಷನ್ ಮಾತ್ರ ಸೇರುತ್ತದೆ.

ಪ್ರಶ್ನೆ (ತಂದೆ, ಬೆಂಗಳೂರು): ಮಗಳು ಸಿಬಿಎಸ್‌ಇ 12ನೇ ಕ್ಲಾಸ್. ಪಕ್ಕದ ಮನೆ ಪಿಯು ಹುಡುಗನ ಜೊತೆ ಒಂದೇ ಟ್ಯೂಷನ್‌ಗೆ ಕಳಿಸಬಹುದಾ? ಇಬ್ಬರದ್ದೂ ಎನ್‌ಸಿಇಆರ್‌ಟಿ ತಾನೇ?

ಉತ್ತರ: ಪುಸ್ತಕಗಳು ಅವೇ, ವರ್ಷ ಬೇರೆ. ನಮ್ಮ ಸೆಕೆಂಡ್ ಪಿಯುನಲ್ಲಿ ಸೂಕ್ಷ್ಮ (ಮೈಕ್ರೊ) ಮತ್ತು ಸಮಗ್ರ (ಮ್ಯಾಕ್ರೊ) ಅರ್ಥಶಾಸ್ತ್ರ ಎರಡೂ ಇವೆ. ಸಿಬಿಎಸ್‌ಇಯಲ್ಲಿ ಸೂಕ್ಷ್ಮ ಅರ್ಥಶಾಸ್ತ್ರ 11ಕ್ಕೇ ಮುಗಿಯುತ್ತದೆ. 12ರಲ್ಲಿ ಸಮಗ್ರ ಅರ್ಥಶಾಸ್ತ್ರ ಮತ್ತು ಭಾರತದ ಆರ್ಥಿಕ ಬೆಳವಣಿಗೆ, ಜೊತೆಗೆ ಪ್ರಾಜೆಕ್ಟ್. ಒಂದೇ ಬ್ಯಾಚ್‌ನಲ್ಲಿ ಕೂತರೆ ಅರ್ಧ ವರ್ಷ ನಿಮ್ಮ ಮಗಳು ಹೋದ ವರ್ಷದ ಪಾಠ ಕೇಳುತ್ತಾಳೆ. ಬೇಡ.

ಪ್ರಶ್ನೆ (ಬಿಎ ವಿದ್ಯಾರ್ಥಿ, ಕಲಬುರಗಿ): ಮೇಡಂ, ನಂದು ಪಿಯುನಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ). ಗಣಿತ ಎಸ್ಸೆಸ್ಸೆಲ್ಸಿಗೇ ಬಿಟ್ಟೆ. ಎಂಎ ಎಕನಾಮಿಕ್ಸ್ ಮಾಡೋ ಆಸೆ ಇದೆ, ಆದರೆ ಕ್ಯಾಲ್ಕುಲಸ್ ಅಂದರೆ ಭಯ. ಎಕನಾಮಿಕ್ಸ್ ಟ್ಯೂಷನ್ ತಗೊಳ್ಳಲಾ?

ಉತ್ತರ: ನನ್ನ ಕಸುಬಿಗೆ ನಷ್ಟವಾದರೂ ಹೇಳುತ್ತೇನೆ, ನಿಮಗೆ ಬೇಕಾಗಿರುವುದು ಗಣಿತದ ಮೇಷ್ಟ್ರು. ಅದೂ ಒಂದು ಬೇಸಿಗೆ ರಜೆಗೆ. ಇಳಿಜಾರು, ಸರಳ ಅವಕಲನ (ಕ್ಯಾಲ್ಕುಲಸ್‌ನ ಡಿಫರೆನ್ಷಿಯೇಷನ್), ಗರಿಷ್ಠ ಕನಿಷ್ಠ ಹುಡುಕುವುದು, ಲಾಗರಿದಮ್. ಶುರು ಮಾಡಲು ಇಷ್ಟು ಸಾಕು. ಭಯ ಹೋಗಲು ಈಗಲೇ ಒಂದು ಲೆಕ್ಕ ಮಾಡೋಣ, ಪೆನ್ ಹಿಡಿಯಿರಿ.

ಒಂದು ಊದಿನಕಡ್ಡಿ ಘಟಕ ಅಂದುಕೊಳ್ಳಿ. ಸ್ಥಿರ ವೆಚ್ಚ 100. ಅದಕ್ಕೆ ಉತ್ಪಾದನೆಯ ಹತ್ತರಷ್ಟು ಮತ್ತು ಉತ್ಪಾದನೆಯ ವರ್ಗವನ್ನು ಕೂಡಿಸಿದರೆ ಒಟ್ಟು ವೆಚ್ಚ. 9 ಪೆಟ್ಟಿಗೆಗೆ 100 + 90 + 81 = 271. 10 ಪೆಟ್ಟಿಗೆಗೆ 100 + 100 + 100 = 300. 11 ಪೆಟ್ಟಿಗೆಗೆ 100 + 110 + 121 = 331. ಈಗ ಸರಾಸರಿ ತೆಗೆಯಿರಿ: 30.11, ಆಮೇಲೆ ಸರಿಯಾಗಿ 30, ಆಮೇಲೆ 30.09. ಇಳಿದು, ಮತ್ತೆ ಏರಿತು. ಯಾಕೆ? ಹತ್ತನೇ ಪೆಟ್ಟಿಗೆಗೆ ಆದ ಹೆಚ್ಚುವರಿ ವೆಚ್ಚ 29, ಅದು ಸರಾಸರಿಗಿಂತ ಕಡಿಮೆ, ಹಾಗಾಗಿ ಸರಾಸರಿಯನ್ನು ಕೆಳಗೆಳೆಯಿತು. ಹನ್ನೊಂದನೆಯದಕ್ಕೆ 31, ಅದು ಮೇಲೆಳೆಯಿತು. ಹೀಗೆ ಇನ್ನೊಂದು ಪೆಟ್ಟಿಗೆಗೆ ಆಗುವ ಹೆಚ್ಚುವರಿ ವೆಚ್ಚವೇ ಸೀಮಾಂತ ವೆಚ್ಚ. ಅವಕಲನ ಮಾಡಿದರೆ ಸೀಮಾಂತ ವೆಚ್ಚ 10 + ಉತ್ಪಾದನೆಯ ಎರಡರಷ್ಟು. 10 ಪೆಟ್ಟಿಗೆಗೆ ಅದು 30, ಅಂದರೆ ಅಲ್ಲಿಯ ಸರಾಸರಿಯಷ್ಟೇ. ಸರಾಸರಿ ವೆಚ್ಚದ ಕನಿಷ್ಠ ಬಿಂದುವಿನಲ್ಲೇ ಸೀಮಾಂತ ವೆಚ್ಚದ ರೇಖೆ ಅದನ್ನು ದಾಟುತ್ತದೆ ಅಂತ ನೀವು ಪಿಯುನಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. 29 ಮತ್ತು 31ರ ನಡುವಿನ ಆ 30ನ್ನು ಕೋಷ್ಟಕ ಇಲ್ಲದೆ ನೇರವಾಗಿ ಕೊಡುವುದಷ್ಟೇ ಕ್ಯಾಲ್ಕುಲಸ್ ಕೆಲಸ.

ಯಾವ ಸೂತ್ರ ಬಂದರೂ ಮೊದಲು ಹೀಗೆ ಮೂರು ಸಂಖ್ಯೆ ಹಾಕಿ ನೋಡಿ, ಆಮೇಲೆ ಅವಕಲನ. ನನ್ನ ಡಿಗ್ರಿ ಬ್ಯಾಚ್‌ನಲ್ಲಿ ಇದೇ ಕ್ರಮ.

ಪ್ರಶ್ನೆ (ಎಂಎ ಮುಗಿಸಿದವರು, ಶಿವಮೊಗ್ಗ): ಅಕ್ಕ, ನಾನೂ ಮನೆಯಲ್ಲಿ ಟ್ಯೂಷನ್ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಫೀಸು, ಜಿಎಸ್‌ಟಿ ಎಲ್ಲ ಹೇಗೆ? ಒಂದು ಶಾಲೆಯಲ್ಲೂ ಕೆಲಸ ಸಿಗುವ ಹಾಗಿದೆ.

ಉತ್ತರ: ಶಾಲೆಯ ಕೆಲಸದಿಂದಲೇ ಶುರು ಮಾಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವ ಹಾಗಿಲ್ಲ. ಆ ಕೆಲಸ ಒಪ್ಪಿಕೊಳ್ಳುವ ಮುಂಚೆ ನೇಮಕಾತಿ ಪತ್ರದಲ್ಲಿ ಈ ಬಗ್ಗೆ ಏನಿದೆ ಓದಿ. ಕದ್ದು ನಡೆಸುವ ಟ್ಯೂಷನ್ ಬೇಡ ತಂಗಿ, ನೆಮ್ಮದಿ ಇರುವುದಿಲ್ಲ.

ಜಿಎಸ್‌ಟಿ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಸೇವೆಗಳಿಗೆ ನಮ್ಮಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಅಲ್ಲಿಗೆ ಮುಟ್ಟಿದ ದಿನ ನಮಗೆಲ್ಲ ಸ್ವೀಟ್ ಕೊಡಿ. ಆದಾಯ ತೆರಿಗೆ ಬೇರೆ ಲೆಕ್ಕ, ಬರುವ ಫೀಸನ್ನು ಒಂದೇ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡರೆ ಮುಂದೆ ಸುಲಭ.

ಫೀಸು ತಿಂಗಳಿಗೆ ತಗೊಳ್ಳಿ, ವರ್ಷಕ್ಕಲ್ಲ. ಮಗು ಬಿಟ್ಟು ಹೋಗುವ ಸಾಧ್ಯತೆ ಇದ್ದಾಗಲೇ ನಾವು ಚೆನ್ನಾಗಿ ಪಾಠ ಮಾಡುವುದು, ಇದು ನಮ್ಮ ವಿಷಯದವರಿಗೆ ಬೇರೆ ಹೇಳಬೇಕಾ? ಬ್ಯಾಚ್ ಚಿಕ್ಕದಿರಲಿ. ಪ್ರತಿಯೊಬ್ಬರ ಹಾಳೆ ಆ ಗಂಟೆಯಲ್ಲೇ ನೋಡಲು ಆಗುವಷ್ಟು ಮಕ್ಕಳು ಸಾಕು. ಮೊದಲ ದಿನ ಪಾಠ ಮಾಡಬೇಡಿ, ಬರೆಸಿ. ಯಾರಿಗೆ ಎಲ್ಲಿ ಕೈಕೊಡುತ್ತದೆ ಅಂತ ಅವತ್ತೇ ಗೊತ್ತಾಗುತ್ತದೆ.

ಪ್ರಶ್ನೆ (ಬಿಕಾಂ ವಿದ್ಯಾರ್ಥಿ, ಊರು ಬರೆದಿಲ್ಲ): ಮೇಡಂ, ಒಂದು ಅಸೈನ್‌ಮೆಂಟ್ ಇದೆ, ಹಣದುಬ್ಬರದ ಬಗ್ಗೆ. ನೀವೇ ಬರೆದು ಕೊಟ್ಟರೆ ಎಷ್ಟು ತಗೊಳ್ತೀರಾ?

ಉತ್ತರ: ಬರೆದು ಕೊಡುವುದಿಲ್ಲಪ್ಪ. ನಿಮ್ಮ ಮನೆಯ ಕಳೆದ ವರ್ಷದ ಮತ್ತು ಈ ವರ್ಷದ ದಿನಸಿ ಬಿಲ್ ಇದ್ದರೆ ತೆಗೆದಿಡಿ. ಹತ್ತು ಸಾಮಾನಿನ ಬೆಲೆ ಪಟ್ಟಿ ಮಾಡಿ, ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಅದನ್ನು ಇಲ್ಲೇ ಹಾಕಿ, ಬೆಲೆಗಳು ಒಟ್ಟಾರೆ ಎಷ್ಟು ಬದಲಾದವು ಅಂತ ಹೇಳುವ ಸೂಚ್ಯಂಕ ಮಾಡುವುದು ಹೇಗೆ ಅಂತ ತೋರಿಸುತ್ತೇನೆ. ಅದಕ್ಕೆ ಫೀಸಿಲ್ಲ.